ಉಗುರಿನ ಮೇಲೆ ಕೆಂಪು ಗೆರೆ

ಮೊನ್ನೆ ಆಫೀಸಿನಲ್ಲಿ ಜವಾನ ಬ್ಲೇಡು ಹಿಡಿದು ಕೆಂಪು-ನೀಲಿ ಪೆನ್ಸಿಲ್ ಹೆರೆಯುತ್ತಿದ್ದ. ಒಂದು ತುದಿ ಕೆಂಪು, ಇನ್ನೊಂದು ನೀಲಿ. ನಾವು ಗುಮಾಸ್ತರು ಬರೆದ ಇಂಗ್ಲಿಷ್ ಕಾಗದಗಳನ್ನು ಸಾಹೇಬರು ಗೀಚಿ ತಿದ್ದುವುದು ಇದರಲ್ಲೇ. ಪೆನ್ಸಿಲ್ ಸಿಪ್ಪೆ ನನ್ನ ಮೇಜಿನ ಮೇಲೆ ಉದುರಿತು. ಅಲ್ಲಿಯವರೆಗೆ ಸಾಹೇಬರು ಸೀನುವುದನ್ನು ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ ನಾನು, ಆ ಮರದ ವಾಸನೆ ಮೂಗಿಗೆ ಬಂದದ್ದೇ ಸುಮ್ಮನಾಗಿಬಿಟ್ಟೆ.

"ಯಾಕ್ ಗುರು, ಬ್ಯಾಟ್ರಿ ಮುಗೀತಾ?" ಎಂದ ಪಕ್ಕದವನು.

ನನ್ನ ಬಾಯಿ ಮುಚ್ಚುವುದು ಅಪರೂಪ. ನಾನು ಹುಟ್ಟಿದಾಗ ಅತ್ತದ್ದೂ ಪಕ್ಕದ ಮನೆ ಮಗುವಿನ ದನಿಯಲ್ಲಿ ಎಂದು ನಮ್ಮಮ್ಮ ಹೇಳುತ್ತಿದ್ದಳು. ಆದರೆ ಆ ವಾಸನೆ ನನ್ನನ್ನು ಹತ್ತು ವರ್ಷ ಹಿಂದಕ್ಕೆ, ನಮ್ಮ ಇಂಗ್ಲಿಷ್ ಮೇಷ್ಟ್ರ ಮೇಜಿನ ಪಕ್ಕಕ್ಕೆ ಕರೆದುಕೊಂಡು ಹೋಗಿತ್ತು...

ಮೇಷ್ಟ್ರು ದೇವನಹಳ್ಳಿ ಕೋಟೆಯೊಳಗಿನ ಒಂದು ವಠಾರದಲ್ಲಿ ಒಬ್ಬರೇ ಇದ್ದರು. ಕಚ್ಚೆಪಂಚೆ, ಮೊಣಕೈ ಸವೆದ ಕರಿ ಕೋಟು, ಜೇಬಿನಲ್ಲಿ ಸದಾ ಆ ಪೆನ್ಸಿಲ್. ಅವರು ತಿದ್ದುವ ಕ್ರಮವೇ ಬೇರೆ. ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುವರು, ಅಷ್ಟೆ. ಸರಿ ಯಾವುದೆಂದು ಬರೆಯುತ್ತಿರಲಿಲ್ಲ. "ತಪ್ಪು ಮಾಡಿದ್ದು ನೀನು. ಸರಿಮಾಡ್ಕೊಂಡು ಬಾ, ನೀಲಿ ಹಾಕ್ತೀನಿ" ಎನ್ನುವರು. ನಾವು ತಲೆ ಕೆರೆದುಕೊಂಡು, ಒಬ್ಬರನ್ನೊಬ್ಬರು ಕೇಳಿ, ತಿದ್ದಿಕೊಂಡು ಹೋದರೆ ಪೆನ್ಸಿಲನ್ನು ತಿರುಗಿಸಿ ನೀಲಿಯಲ್ಲಿ ಒಂದು ಟಿಕ್. ಆ ಟಿಕ್ಕಿಗಾಗಿ ನಲ್ಲೂರಿನ ಹುಡುಗನೊಬ್ಬ ಒಂದು ಸಲ ಜೇಬಿನ ತುಂಬ ಹುಣಿಸೆಹಣ್ಣು ತಂದು ಮೇಜಿನ ಮೇಲಿಟ್ಟಿದ್ದ. ಮೇಷ್ಟ್ರು ಒಂದು ಎಸಳು ಬಾಯಿಗೆ ಹಾಕಿಕೊಂಡು, "ಹಣ್ಣು ಚೆನ್ನಾಗಿದೆ. ಆದ್ರೂ ಡಿಡ್ ನಾಟ್ ವೆಂಟ್ ತಪ್ಪೇ ಕಣೋ" ಎಂದಿದ್ದರು.

ನಾವು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಅವರು ಈ ಕ್ರಮವನ್ನು ಸ್ವಲ್ಪ ಬದಲಾಯಿಸಿದರು. ನೋಟ್‌ಬುಕ್ಕುಗಳನ್ನು ಮನೆಗೆ ಒಯ್ಯುವುದನ್ನು ನಿಲ್ಲಿಸಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಬರೆದದ್ದನ್ನು ಓದಿಸತೊಡಗಿದರು. ನಾನು ಓದಿದೆ: "ಮೈ ಫಾದರ್ ಈಸ್ ಹ್ಯಾವಿಂಗ್ ಟೂ ಬುಲ್ಸ್." ಕಿಟಕಿಯ ಕಡೆ ಮುಖಮಾಡಿದ್ದ ಮೇಷ್ಟ್ರು ಕೈಯೆತ್ತಿದರು.

"ಲೇ ಗಿಳಿ, ನಿಮ್ಮಪ್ಪನ ಎತ್ತುಗಳಿಗೆ ಅಷ್ಟು ಉದ್ದದ ಹಗ್ಗ ಯಾಕೋ? ಸುಮ್ನೆ ಹ್ಯಾಸ್ ಅನ್ನು, ಸಾಕು. ಎಲ್ಲಿ, ತಪ್ಪಿನ ಮೇಲೆ ಬೆರಳಿಟ್ಟು ತೋರ್ಸು."

ಗಿಳಿ ಎಂದರೆ ನಾನೇ. ಬೆರಳಿಟ್ಟೆ. ಅವರು ಬಗ್ಗಿ ಗೆರೆ ಎಳೆದರು. ಗೆರೆ ಬಿದ್ದದ್ದು ಕಾಗದದ ಮೇಲಲ್ಲ, ನನ್ನ ಉಗುರಿನ ಮೇಲೆ.

ಒಬ್ಬರಂತೆ ನಟಿಸಬೇಕಾದರೆ ಅವರನ್ನು ಚೆನ್ನಾಗಿ ನೋಡಬೇಕು. ನಾನು ನೋಡಿದೆ. ತರಗತಿಯಲ್ಲಿ ಅರ್ಧ ಹುಡುಗರ ಉಗುರುಗಳು ಕೆಂಪಗಿದ್ದವು. ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ. "ನಿಮ್ಮನ್ನ ದಾಟಿಸಿಬಿಟ್ರೆ ನನಗೂ ರಿಟೈರು. ಇದೊಂದು ವರ್ಷ ಕಳೆದ್ರೆ ಸಾಕಪ್ಪಾ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಗೊತ್ತಾದರೆ ಮನೆಗೆ ಕಳಿಸಿಬಿಡುತ್ತಾರೆ ಎಂಬ ಭಯ.

ತಿಳಿದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಾನು ವರಾಂಡದಲ್ಲಿ ನಿಂತು ಆಟ ಕಟ್ಟಿದೆ. ಅವರ ಕೆಮ್ಮು, ಅವರ ನಡಿಗೆ, ಕೊನೆಗೆ ಗೆಳೆಯನ ಉಗುರಿನ ಮೇಲೆ ಗೆರೆ. ಹುಡುಗರು ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಇನ್ನೊಂದು ನಗು ಕೇಳಿಸಿತು. ಹೆಡ್‌ಮೇಷ್ಟ್ರು!

"ಮಾಡೋ ಮಾಡೋ, ಇನ್ನೊಂದ್ಸಲ ಮಾಡು" ಎಂದರು.

ಹೆಡ್‌ಮೇಷ್ಟ್ರನ್ನೇ ನಗಿಸಿದೆನಲ್ಲ ಎಂಬ ಕೊಬ್ಬು. ಇನ್ನೂ ಚೆನ್ನಾಗಿ ಮಾಡಿದೆ.

"ಅದೇನೋ ಉಗುರಿನ ಮೇಲೆ?"

"ಅವ್ರು ಹಂಗೇ ಎಳೀತಾರೆ ಸಾ."

ಹೆಡ್‌ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. ಅದನ್ನೂ ನಾನು ನೋಡಿದೆ...

ವಾರ ಕಳೆಯುವುದರೊಳಗೆ ಸ್ಕೂಲ್ ಇನ್‌ಸ್ಪೆಕ್ಟರು ಬಂದರು. ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತರು. ಇನ್‌ಸ್ಪೆಕ್ಟರು ಮೇಜಿನ ಮೇಲಿನ ಒಂದು ನೋಟ್‌ಬುಕ್ ತೆಗೆದು, ಪುಟ ಬಿಚ್ಚಿ, ಮೇಷ್ಟ್ರ ಕೈಗೆ ಕೊಟ್ಟರು. "ಇದನ್ನ ಸ್ವಲ್ಪ ಓದಿ."

"ಯಾರದ್ದು?" ಎಂದು ಮೇಷ್ಟ್ರು ಕೇಳಿದರು.

ಇನ್‌ಸ್ಪೆಕ್ಟರು ಹೆಸರು ಹೇಳಿದರು. ನನ್ನದೇ.

ಮೇಷ್ಟ್ರು ಪುಸ್ತಕವನ್ನು ಎದುರಿಗೆ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿ ಓದಿದರು. ನಮ್ಮಪ್ಪ, ಎರಡು ಎತ್ತು, ಅವುಗಳ ಕೊಂಬು, ಅವು ತಿನ್ನುವ ಹುಲ್ಲು. ನಾನು ಒಂದೇ ಸಲ ಓದಿ ಹೇಳಿದ್ದ ಪ್ರಬಂಧವನ್ನು ಒಂದಕ್ಷರ ಬಿಡದೆ, ನನ್ನ ತಪ್ಪುಗಳ ಸಮೇತ ಓದಿದರು. ತಪ್ಪು ಬಂದಲ್ಲೆಲ್ಲ ತಡೆದು ಸರಿಯನ್ನೂ ಹೇಳಿದರು.

ಬಿಚ್ಚಿದ್ದ ಪುಟದಲ್ಲಿ ಇದ್ದದ್ದು ಜ್ವರಕ್ಕೆ ರಜೆ ಕೇಳುವ ಅರ್ಜಿ.

ಯಾರೂ ನಗಲಿಲ್ಲ. ನಾನು ಎದ್ದುನಿಂತು ಏನಾದರೂ ಒದರಿ, ಕೆಮ್ಮಿ, ಒದೆ ತಿಂದಾದರೂ ಆ ಗಳಿಗೆಯನ್ನು ಕೆಡಿಸಬಹುದಿತ್ತು. ಜೀವನದಲ್ಲಿ ಅದೊಂದೇ ಸಲ ನನ್ನ ಬಾಯಿ ಬೇಕಾಗಿತ್ತು. ತೆರೆಯಲಿಲ್ಲ.

ಮರುದಿನದಿಂದ ಬೇರೆ ಮೇಷ್ಟ್ರು ಬಂದರು. ಅವರು ತಪ್ಪನ್ನು ಹೊಡೆದುಹಾಕಿ ಸರಿಯನ್ನು ತಾವೇ ಬರೆದುಕೊಡುತ್ತಿದ್ದರು.

ಒಂದು ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ಕೋಟೆಯೊಳಗೆ ಹೋದೆ. ಮೇಷ್ಟ್ರು ವಠಾರದ ಜಗಲಿಯ ಮೇಲೆ, ಮನೆಯಲ್ಲೂ ಅದೇ ಕೋಟು ಹಾಕಿಕೊಂಡು ಕೂತಿದ್ದರು.

"ಗಿಳಿ ತಾನೆ? ಚಪ್ಪಲಿ ಎಳ್ಕೊಂಡು ಬರೋನು ನೀನೊಬ್ಬನೇ. ನನ್ನ ಹಾಗೆ ಮಾಡಿ ತೋರ್ಸು. ಊರೆಲ್ಲ ನೋಡಿ ಆಯ್ತಂತೆ, ನಾನೊಬ್ಬ ಬಾಕಿ."

"ಬೇಡಿ ಸಾ..."

"ಮಾಡೋ."

ಕೆಮ್ಮಿದೆ, ನಡೆದೆ, ಅವರ ದನಿಯಲ್ಲಿ ನನ್ನನ್ನೇ ಬೈದುಕೊಂಡೆ.

"ಕೆಮ್ಮು ಜಾಸ್ತಿ ಆಯ್ತು. ಅಷ್ಟು ಕೆಮ್ಮಲ್ಲ ನಾನು" ಎಂದರು. ಆಮೇಲೆ, "ಬೆರಳು ಬಿಟ್ಟೆಯಲ್ಲೋ" ಎಂದರು.

ಉಗುರಿನ ಗೆರೆಯ ಆಟವೂ ಗೊತ್ತಿತ್ತು ಅವರಿಗೆ. ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ಅಂಗೈ ಚಾಚಿದರು. "ಎಲ್ಲಿ, ಬೆರಳಿಡು." ಇಟ್ಟೆ. ಅವರು ಎಡಗೈಯಿಂದ ನನ್ನ ಬೆರಳನ್ನು ತಡವಿ, ಉಗುರು ಎಲ್ಲಿದೆ ಎಂದು ಗೊತ್ತುಮಾಡಿಕೊಂಡು, ನಿಧಾನವಾಗಿ ಕೆಂಪು ಗೆರೆ ಎಳೆದರು. ಈ ಸಲ ಗೆರೆ ಬೀಳಬೇಕಾದ ಕಡೆಯೇ ಬಿದ್ದಿತು.

"ಸರಿಮಾಡ್ಕೊಂಡು ಬಾ. ನೀಲಿ ಹಾಕ್ತೀನಿ."

ಅದನ್ನು ಸರಿಮಾಡುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಇದನ್ನು ಯಾವ ಗೆಳೆಯನನ್ನು ಕೇಳಲಿ? ಇಂದು ಹೋಗೋಣ, ನಾಳೆ ಹೋಗೋಣ ಎನ್ನುವುದರಲ್ಲಿ ಪರೀಕ್ಷೆ ಬಂತು. ಅವರನ್ನು ಮಗಳು ಕರೆದುಕೊಂಡು ಹೋದಳೆಂದು ಕೇಳಿದೆ. ಆಮೇಲೆ ತೀರಿಕೊಂಡರೆಂದೂ ಕೇಳಿದೆ. ಅಂದಿನಿಂದ ಊರಿನಲ್ಲಿ ಯಾರನ್ನೂ ಬಿಡದೆ ಆಡಿಕೊಂಡಿದ್ದೇನೆ. ಮೇಷ್ಟ್ರನ್ನು ಮಾತ್ರ ಮಾಡಿಲ್ಲ.

"ಸಾ, ಈ ಕಡೆ ಹೆರೀಲೋ ಬ್ಯಾಡ್ವೋ?" ಎಂದು ಜವಾನ ಕೇಳುತ್ತಿದ್ದ. ಅವನ ಕೈಯಲ್ಲಿ ನೀಲಿ ತುದಿ ಮೊಂಡಾಗಿತ್ತು. ಸಾಹೇಬರು ಬಳಸುವುದು ಕೆಂಪನ್ನು ಮಾತ್ರ.

"ಹೆರಿ" ಎಂದೆ.

ಹೆರೆದ. ನೀಲಿ ಸಿಪ್ಪೆ ನನ್ನ ಕೈಯ ಪಕ್ಕದಲ್ಲೇ ಉದುರಿತು. ಸಾಹೇಬರು ವಾಪಸು ಕಳಿಸಿದ್ದ ನನ್ನ ಕಾಗದದಲ್ಲಿ ಮೂರು ಕಡೆ ಕೆಂಪು ಇತ್ತು. ಮೊದಲನೆಯದರ ಮೇಲೆ ಬೆರಳಿಟ್ಟುಕೊಂಡು, ಬಹಳ ಹೊತ್ತು ಹಾಗೇ ಕೂತಿದ್ದೆ.