ಬೀಗದವರ ನೀಲಿ ಅಂಗಿ

ಬೀಗ ರಿಪೇರಿಯವರು ಬದುಕಿದ್ದಷ್ಟು ಕಾಲ ಎರಡೇ ಅಂಗಿಯಲ್ಲಿ ದುಡಿದವರು. ಎರಡಕ್ಕೂ ಎಣ್ಣೆ ಕಲೆ. ಅಂಥವರು ಕೊನೆಯ ಬೇಸಿಗೆಯಲ್ಲಿ, ಮದುವೆಮನೆಗೆಂದು ಎತ್ತಿಟ್ಟಿದ್ದ ನೀಲಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಅಂಗಡಿಯಲ್ಲಿ ಕೂರತೊಡಗಿದರು. ಹೆಂಡತಿಯ ತಲೆಗೆ ಅನುಮಾನದ ಹುಳ ಹೊಕ್ಕಿದ್ದು ಆಗಲೇ.

ಕಾರಣ ಒಬ್ಬ ಹುಡುಗಿ. ಮಾನವಶಾಸ್ತ್ರ ಓದುವವಳು. ಕೈಗೆ ಗೊತ್ತಿರುವುದನ್ನು ಬರೆದು ತಿಳಿಸಲಾಗದು, ನೋಡಿ, ಕೇಳಿಯೇ ತಿಳಿಯಬೇಕು ಎಂದು ಅವರ ಎದೆಗೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಕಟ್ಟಿದ್ದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಹೆಂಡತಿ ಅಡುಗೆಮನೆಯಿಂದಲೇ ಕಣ್ಣಿಟ್ಟಿದ್ದಳು.

"ಆ ಹುಡುಗಿ ಬಂದ್ಮೇಲೆ ನಿಮ್ಮ ಯಜಮಾನರಿಗೆ ವಯಸ್ಸೇ ಇಳಿದುಹೋಯ್ತಲ್ಲೇ!" ಎಂದು ಎದುರುಮನೆ ಅಕ್ಕ ಬೇರೆ ಕಿವಿ ಊದಿದ್ದಳು.

ಮಳೆಗಾಲಕ್ಕೆ ಮೊದಲೇ ಅವರು ಕೂತಲ್ಲೇ ಹೋದರು. ಅಂಗಿ ಯಾರಿಗಾಗಿ ಅನ್ನುವುದು ಮಾತ್ರ ಅವಳೊಳಗೆ ಮುಳ್ಳಾಗಿ ಉಳಿಯಿತು.

ಈಗ ಹುಡುಗಿ ಮತ್ತೆ ಬಂದಿದ್ದಾಳೆ, ಲ್ಯಾಪ್‌ಟಾಪ್ ಹಿಡಿದುಕೊಂಡು.

"ಅಮ್ಮ, ನೀವು ಒಪ್ಪಿದ್ರೆ ಮಾತ್ರ ಇದನ್ನ ಕಾಲೇಜಲ್ಲಿ ತೋರಿಸ್ತೀನಿ."

"ನಿಂಗೆ ನಾನ್ಯಾವಾಗ ಅಮ್ಮ ಆದೆ? ಹಾಕು, ನೋಡೋಣ."

ಪರದೆ ಬೆಳಗಿತು. ಕೈಗಳು. ಕಪ್ಪಾದ ಹೆಬ್ಬೆರಳ ಉಗುರು. ಕೀಲಿಯ ಮೇಲೆ ಅರ ಉಜ್ಜುವ ಕರ್ರ್ ಕರ್ರ್ ಸದ್ದು. ಊದಿದರೆ ಹಾರುವ ಹಿತ್ತಾಳೆ ಪುಡಿ. ಅವಳು ಮುಖಕ್ಕಾಗಿ ಕಾದಳು. ಮುಖ ಬರಲಿಲ್ಲ.

"ಮುಖ ಎಲ್ಲಿ? ಕತ್ತರಿಸಿಬಿಟ್ಯಾ?"

"ಇಲ್ಲಮ್ಮ. ಕ್ಯಾಮೆರಾ ಎದೆ ಮೇಲಿತ್ತಲ್ವಾ? ಅವರ ಮುಂದೆ ಇದ್ದದ್ದು ಕಾಣುತ್ತೆ. ಅವರು ಕಾಣಲ್ಲ."

"ಇದು ಅವರಿಗೆ ಗೊತ್ತಿತ್ತಾ?"

ಹುಡುಗಿ ತಲೆ ತಗ್ಗಿಸಿದಳು. "ಹೇಳಿದ್ದೆ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಪರದೆ ಕಪ್ಪಾಯಿತು. ಊಟಕ್ಕೆ ಏಳುವಾಗ ಅವರು ಎದೆಯ ಮೇಲೆ ಟವೆಲ್ ಹೊದ್ದುಕೊಳ್ಳುತ್ತಿದ್ದರು. ಕ್ಯಾಮೆರಾ ಆರಿಸುವುದೆಂದರೆ ಅದೇ ಎಂದುಕೊಂಡಿದ್ದರು. ಕತ್ತಲಲ್ಲಿ ತಟ್ಟೆಯ ಸದ್ದು. ಆಮೇಲೆ ಅವಳದೇ ದನಿ:

"ಯಾರಿಗೆ ತೋರಿಸೋಕೆ ಈ ನೀಲಿ ಅಂಗಿ? ಮದುಮಗನ ಥರ!"

ಬೆನ್ನಿಗೇ ನಲ್ಲಿ ಸುರಿಯುವ ಸದ್ದು. ಅಂದು ಅವಳು ತಿರುಗಿ ನೋಡಿದಾಗ ಅವರು ಸುಮ್ಮನೆ ಉಣ್ಣುತ್ತಿದ್ದರು. ಉತ್ತರ ಕೊಡಲಿಲ್ಲವೆಂದು ಎಷ್ಟೋ ದಿನ ಅವಳು ಮುಖ ಕೊಟ್ಟು ಮಾತಾಡಿರಲಿಲ್ಲ.

ನೀರಿನ ಸದ್ದಿನೊಳಗಿಂದ, ತೀರ ಹತ್ತಿರದಲ್ಲಿ, ಅವರ ದನಿ ಬಂತು: "ನಿಂಗೇ ಕಣೇ. ನಂದು ನೆಟ್ಟಗಿರೋ ಒಂದು ಫೋಟೋನೂ ಇಲ್ಲ. ಇದ್ರಲ್ಲಿ ಬರ್ತೀನಲ್ಲ, ಮುಂದೆ ನೋಡ್ಕೊಳ್ಳುವೆಯಂತೆ."

ಅವಳು ಲ್ಯಾಪ್‌ಟಾಪನ್ನು ದುರುದುರು ನೋಡಿದಳು.

"ಇದನ್ನ ನೀನೇ ಮಾಡ್ಸಿದ್ಯಾ? ಈಗೆಲ್ಲ ಸತ್ತವರ ಬಾಯಲ್ಲೂ ಮಾತಾಡಿಸ್ತಾರಂತೆ."

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಕತ್ತಲಲ್ಲಿ, ಊಟದ ನಡುವೆ ಅವರಿಗೆ ದಿನಾ ಬರುತ್ತಿದ್ದ ಬಿಕ್ಕಳಿಕೆ. ಮತ್ತೊಂದು. ನಲ್ಲಿ ನಿಂತಿತು. "ನೀರು ಕುಡಿದು ಊಟಕ್ಕೆ ಕೂರಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಎಂದು ಅವಳದೇ ಬೈಗುಳ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹುಡುಗಿಯತ್ತ ತಿರುಗಿದಳು.

"ಕೈ ಕಾಣೋದನ್ನ ತೋರಿಸ್ಕೋ. ಕಾಲೇಜಿನವರು ನೋಡ್ಲಿ. ಕತ್ತಲಿರೋದು ನಮ್ಮನೇದು. ಅಳಿಸು. ನನ್ನ ಫೋನಿಗೆ ಹಾಕಿ ಆಮೇಲೆ ಅಳಿಸು. ಇನ್ನೆಲ್ಲೂ ಇಲ್ಲ ತಾನೆ?"

"ನನ್ನ ರೂಮಲ್ಲಿ ಇನ್ನೊಂದು ಕಾಪಿ ಇದೆ, ಅಮ್ಮ."

ಇಲ್ಲ ಅಂದಿದ್ದರೆ ಅವಳು ನಂಬದೆ ಬಾಗಿಲು ತೋರಿಸುತ್ತಿದ್ದಳು.

"ನಾಳೆ ಅದನ್ನೂ ತಗೊಂಡ್ಬಾ. ನನ್ನ ಕಣ್ಣೆದುರಿಗೇ ಅಳಿಸ್ಬೇಕು," ಎಂದಳು. ಹುಡುಗಿ ಏಳಹೋದಾಗ ತೋಳು ಹಿಡಿದು ಕೂರಿಸಿದಳು.

"ಎಲ್ಲಿಗೆ ಹೊರಟೆ? ಇನ್ನೊಂದ್ಸಲ ಹಾಕು. ನಲ್ಲಿ ಸದ್ದು ಬರುತ್ತಲ್ಲ, ಅಲ್ಲಿಂದ."