ಬೀವಿಯ ಮನೆಯ ಸುರಂಗ

ಐತಪ್ಪ ನಾಯ್ಕರು ಬೋವಿಕಾನದ ಸುತ್ತಮುತ್ತ ನಲವತ್ತೆಂಟು ಸುರಂಗ ಅಗೆದವರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಮನೆಯಂಗಳಕ್ಕೆ ಹರಿಸುವ ಕೆಲಸ ಅದು. ಈ ಕೆಲಸದವರಿಗೆ ಒಂದು ಹುಚ್ಚು ಮರ್ಯಾದೆ ಇದೆ, ಸುರಂಗ ನೇರ ಇರಬೇಕು ಅಂತ. ಅಗೆದು ಮುಗಿಸಿದ ದಿನ ಬಾಯಿಯಲ್ಲಿ ನಿಂತು ಕನ್ನಡಿಯಿಂದ ಬಿಸಿಲು ಹಾಯಿಸಿದರೆ ಬೆಳಕು ಕೊನೆಯ ಗೋಡೆಗೆ ಹೋಗಿ ಬೀಳಬೇಕು. ಮನೆಯವರು ಇಣುಕಿ ನೋಡಿ ತಲೆದೂಗಿದ ಮೇಲೆಯೇ ಪಿಕ್ಕಾಸು ಹೆಗಲಿಗೇರುತ್ತಿತ್ತು. ಎಪ್ಪತ್ತೊಂದರ ಈ ಪ್ರಾಯದಲ್ಲೂ ಐತಪ್ಪರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ, ಅವರು ಕೇಳಲಿ ಬಿಡಲಿ, ಹೇಳುವುದು ಇದನ್ನೇ: "ನನ್ನದು ಒಂದೂ ಸೊಟ್ಟ ಇಲ್ಲ ಮಾರಾಯ್ರೇ."

ಒಂದು ಇತ್ತು. ಮೂವತ್ತೈದು ವರ್ಷದ ಹಿಂದೆ ನೆರೆಯ ಬೀವಿಯ ಮನೆಯಲ್ಲಿ ಅಗೆಯುವಾಗ ನಲವತ್ತು ಕೋಲು, ಹತ್ತಿರ ಹತ್ತಿರ ನೂರಡಿ, ಒಳಗೆ ಕರಿಕಲ್ಲು ಅಡ್ಡ ಬಂತು. ಹಾರೆ ಕಚ್ಚಲಿಲ್ಲ. ಐತಪ್ಪರು ಎಡಕ್ಕೆ ತಿರುಗಿಸಿ ಇನ್ನೂ ಇಪ್ಪತ್ತು ಕೋಲು ಹೋದರು, ನೀರು ಧಾರಾಳ ಸಿಕ್ಕಿತು. ಕನ್ನಡಿಯ ಬೆಳಕು ಆ ಕರಿಕಲ್ಲಿನ ಮೇಲೆಯೇ ಬಿತ್ತು, ಅದೇ ಕೊನೆ ಎಂದು ನೋಡಿದವರೆಲ್ಲ ನಂಬಿದರು. ಐತಪ್ಪರೂ ಬಾಯಿ ಬಿಡಲಿಲ್ಲ.

ಈ ಬೇಸಗೆಯಲ್ಲಿ, ರಸ್ತೆ ಬದಿಯ ಮುಚ್ಚಿಹೋದ ಪೆಟ್ರೋಲ್ ಪಂಪಿನ ಟಾಂಕಿ ನೆಲದಡಿಯಲ್ಲಿ ಸೋರಿದ್ದು ಗೊತ್ತಾಯಿತು. ಹತ್ತಿರದ ಬಾವಿಗಳಲ್ಲಿ ಡೀಸೆಲ್ ವಾಸನೆ. ವಿದ್ಯಾನಗರದ ಜಿಲ್ಲಾ ಕಚೇರಿಯಿಂದ ಆದೇಶ ಬಂತು: ಪಂಪಿನ ಸುತ್ತ ಇನ್ನೂರು ಮೀಟರಿನೊಳಗೆ ಬಾವಿ, ಬೋರ್‌ವೆಲ್, ಸುರಂಗ, ಯಾವುದರ ನೀರನ್ನೂ ಬಳಸುವಂತಿಲ್ಲ, ಹೊಸತಾಗಿ ತೋಡುವಂತಿಲ್ಲ. ಆರೋಗ್ಯ ಇಲಾಖೆಯ ಶ್ರೀರಂಜಿನಿ ನಕ್ಷೆ ಹಿಡಿದು ಮನೆಮನೆಗೆ ಬಂದು ಬಾವಿಕಟ್ಟೆಗಳಿಗೆ ಕೆಂಪು ಗುರುತು ಹಾಕಿಸಿದಳು. ಬೀವಿಯ ಸುರಂಗದ ಬಾಯಿ ಮಾತ್ರ ನಕ್ಷೆಯ ಗೆರೆಯಿಂದ ಹತ್ತು ಹೆಜ್ಜೆ ಹೊರಗಿತ್ತು.

"ಐತಪ್ಪಣ್ಣ, ಇದು ಒಳಗೆ ಯಾವ ಕಡೆಗೆ ಹೋಗ್ತದೆ?" ಎಂದು ಶ್ರೀರಂಜಿನಿ ಕೇಳಿದಳು. ಸುತ್ತ ನೆರೆಕರೆಯವರೆಲ್ಲ ನಿಂತಿದ್ದರು.

"ನೇರ ಗುಡ್ಡಕ್ಕೆ," ಎಂದುಬಿಟ್ಟರು ಐತಪ್ಪರು. "ನಾನೇ ಅಗೆದದ್ದಲ್ವಾ? ಅದರ ನೀರಿಗೆ ಎಂತದೂ ಆಗುದಿಲ್ಲ."

ಅವಳು ಬರೆದುಕೊಂಡಳು. ಗೆರೆಯ ಹೊರಗಿನ ನೀರಿನ ಪರೀಕ್ಷೆ ಎರಡನೇ ಸುತ್ತಿಗೆ ಎಂದಳು. ಮರುದಿನದಿಂದ ಬಾವಿ ಕಳೆದುಕೊಂಡ ಆರು ಮನೆಯವರು ಕೊಡ ಹಿಡಿದು ಬೀವಿಯ ಅಂಗಳಕ್ಕೆ ಬರತೊಡಗಿದರು. ಬಂದವರೆಲ್ಲ ಐತಪ್ಪರನ್ನು ಹೊಗಳಿದರು. ಮುದುಕರಿಗೆ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಹನ್ನೆರಡನೇ ದಿನ ಬೀವಿಯ ಸೊಸೆ ಫೌಝಿಯಾ ಆ ನೀರನ್ನು ಕುದಿಸಿ ಕೂಸಿಗೆ ಹಾಲುಪುಡಿ ಕಲಸುವುದನ್ನು ಐತಪ್ಪರು ಕಂಡರು. ಮನೆಗೆ ಬಂದು ಗಂಜಿಗೆ ಕೂತವರು ತಟ್ಟೆ ಬದಿಗೆ ಸರಿಸಿ ಎದ್ದರು. ಎಡಕ್ಕೆ ತಿರುಗಿದ ಆ ಇಪ್ಪತ್ತು ಕೋಲು ರಸ್ತೆಯ ಕಡೆಗೇ, ಪಂಪಿನ ಗೆರೆಯೊಳಗೇ ಹೋಗಿದೆ ಎಂಬುದು ಭೂಮಿಯ ಮೇಲೆ ತಮಗೊಬ್ಬರಿಗೇ ಗೊತ್ತು ಎಂದುಕೊಂಡರು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಟಾರ್ಚು ಹಿಡಿದು ಹೊರಟರು.

ಸುರಂಗದೊಳಗೆ ಸೊಂಟ ಮಾತು ಕೇಳಲಿಲ್ಲ, ಮೊಣಕಾಲೂರಿ ಹೋದರು. ಕರಿಕಲ್ಲಿನವರೆಗೆ ಮಣ್ಣಿನ ತಣ್ಣನೆಯ ವಾಸನೆ ಮಾತ್ರ ಇತ್ತು. ಎಡಕ್ಕೆ ಹೊರಳಿ ನಾಲ್ಕು ಕೋಲು ದಾಟುವಾಗ ಮೂಗಿಗೆ ಬಡಿಯಿತು. ಒರತೆಯ ಗೋಡೆ ಒರೆಸಿ ಕೈ ಮೂಸಿದರು. ಡೀಸೆಲ್. ಅಂಗಳದ ನೀರಿನಲ್ಲಿ ವಾಸನೆ ಬರುವಷ್ಟು ಇನ್ನೂ ಬೆರೆತಿರಲಿಲ್ಲ, ಅಷ್ಟೇ.

ಹೊರಗೆ ಬಂದಾಗ ಬೀವಿ ಜಗಲಿಯಲ್ಲಿದ್ದಳು. ಐತಪ್ಪರು ಉಸಿರು ತೆಗೆದುಕೊಳ್ಳದೆ ಹೇಳಿದರು: "ಬೀವಿ, ಈ ನೀರು ಮುಟ್ಟಬೇಡಿ. ಸುರಂಗ ಸೊಟ್ಟ ಉಂಟು. ಕಲ್ಲು ಸಿಕ್ಕಿತು, ನಾನು ರೋಡಿನ ಕಡೆಗೆ ತಿರುಗಿಸಿದೆ. ಯಾರಿಗೂ ಹೇಳಲಿಲ್ಲ."

"ಸೊಟ್ಟ ಇರುದು ನನಗೆ ಗೊತ್ತುಂಟು," ಎಂದಳು ಬೀವಿ. "ಮರುವರ್ಷ ಮಣ್ಣು ಜರಿದಾಗ ತೆಗೀಲಿಕ್ಕೆ ನಮ್ಮವರು ಒಳಗೆ ಹೋಗಿದ್ರು. ಹೊರಗೆ ಹೇಳ್ಬೇಡ, ಐತಪ್ಪಣ್ಣನಿಗೆ ಬೇಜಾರಾದೀತು ಅಂದಿದ್ರು." ಗಂಡ ಶಾಹುಲ್ ಹಮೀದ್ ತೀರಿಕೊಂಡು ಒಂಬತ್ತು ವರ್ಷ. ಅವಳು ಆ ಮಾತನ್ನು ಇಂದಿನವರೆಗೂ ಉಳಿಸಿಕೊಂಡಿದ್ದಳು.

"ಗೊತ್ತಿದ್ದೂ ಕುಡಿದ್ರಾ?"

"ಅಗೆದವರು ನೀವು. ಆ ತಿರುವನ್ನೂ ಲೆಕ್ಕ ಹಾಕಿಯೇ ಎಂತದೂ ಆಗುದಿಲ್ಲ ಅಂದದ್ದು ಅಂತ ಎಣಿಸಿದೆ."

ಅವಳು ಬೈದಿದ್ದರೆ ಐತಪ್ಪರು ತಡೆದುಕೊಳ್ಳುತ್ತಿದ್ದರು. ಮಗುವಿನ ಬಾಟಲಿಯನ್ನು ತಾವೇ ಕೈಯಾರೆ ಚೆಲ್ಲಿದರು, ಶ್ರೀರಂಜಿನಿಗೆ ಫೋನು ಮಾಡಿಸಿದರು. ಆಮೇಲೆ ಮೈಯ ಕೆಸರು ಕೂಡ ತೊಳೆಯದೆ ಆರು ಮನೆಗೂ ಹೋಗಿ, ಕೊಡ ಚೆಲ್ಲಿಸಿ, ನನ್ನ ಸುರಂಗ ಸೊಟ್ಟ ಎಂದು ಹೇಳುತ್ತ ಬಂದರು.

ಕೊನೆಯ ಮನೆಯ ಶಿವಪ್ರಸಾದ ಅಂಗಳದಲ್ಲಿ ಲೋಟ ಹಿಡಿದು ನಿಂತಿದ್ದ. ಎಲ್ಲ ಕೇಳಿ ನಕ್ಕುಬಿಟ್ಟ.

"ನಿಮ್ಮದು ಸೊಟ್ಟವಾ? ಸುಮ್ನಿರಿ ಐತಪ್ಪಣ್ಣ, ತಮಾಷೆ ಮಾಡ್ಬೇಡಿ," ಎಂದು ಲೋಟವನ್ನು ಬಾಯಿಗೆ ಎತ್ತಿದ.

ಐತಪ್ಪರು ಹಾರಿ ಅದನ್ನು ಕಿತ್ತುಕೊಂಡರು.