ತಪ್ಪು, ಕಾರಣ, ಮದ್ದು

ಸಿಂಧನೂರಿನ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅಕ್ಕ ಮತ್ತು ನಾನು ಆರು ವರ್ಷ ವೆಬ್‌ಸೈಟ್ ಕಟ್ಟಿದೆವು. ಅಕ್ಕಿ ಗಿರಣಿ, ಕಲ್ಯಾಣ ಮಂಟಪ, ಮಸ್ಕಿಯ ಶಾಲೆ, ಯಾರು ಕೇಳಿದರೂ ಅವರಿಗೆ. ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವಳು ಅವಳೇ. ತಾನು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಈ ಕಂಪ್ಯೂಟರ್‌ನ ಕಟ್ಕೊಂಡೀನಲ್ರಿ, ಇದೂ ಹೇಳಿದ ಮಾತು ಕೇಳಂಗಿಲ್ಲ" ಎಂದು ನಗಿಸುತ್ತಿದ್ದಳು.

ನಾವು ಬಳಸುತ್ತಿದ್ದ ಫ್ರೇಮ್‌ವರ್ಕ್ ಎಂದರೆ ಕಂಬ, ತೊಲೆ ಮೊದಲೇ ನಿಲ್ಲಿಸಿಟ್ಟ ಮನೆಯಿದ್ದಂತೆ. ಗೋಡೆ, ಬಾಗಿಲು ನಾವು ಇಡಬೇಕು. ತಪ್ಪಾಗಿ ಇಟ್ಟರೆ ಪರದೆಯ ತುಂಬ ಕೆಂಪು ಅಕ್ಷರ. ಅದಕ್ಕೆಂದೇ ಅಕ್ಕ ಒಂದು ಉದ್ದನೆಯ ನೋಟುಬುಕ್ಕು ಇಟ್ಟಿದ್ದಳು. ಪುಟಕ್ಕೆ ಮೂರು ಕಾಲಂ: ತಪ್ಪು, ಕಾರಣ, ಮದ್ದು. "ಪೇಜು ಸಿಗವಲ್ದು. ದಾರಿ ಬರದಿಲ್ಲ. ಬರಿ." "ಬದಲಿ ಮಾಡಿದ್ರೂ ಹಳೇದ ಕಾಣತೈತಿ. ಕ್ಯಾಶ್‌ನಾಗ ಹಳೇ ಪ್ರತಿ ಉಳದೈತಿ. ಅಳಿಸು." "ಡೇಟಾಬೇಸ್ ಬಾಗಿಲಾ ತೆರಿವಲ್ದು. ತಂಗಿ ಪಾಸ್‌ವರ್ಡ್ ಬದಲಿ ಮಾಡ್ಯಾಳ. ತಂಗಿಗೆ ಬೈ."

ನನ್ನದು ಮೂಗಿನ ತುದಿಯ ಸಿಟ್ಟು. ಕೆಂಪು ಕಂಡರೆ ಸಹಿಸದೆ, ತಪ್ಪು ಕಾಣದಂತೆ ಮಾಡುವ ಎರಡು ಸಾಲು ಬರೆದುಬಿಡುತ್ತಿದ್ದೆ. ಒಮ್ಮೆ ಮಸ್ಕಿ ಶಾಲೆಯ ಪ್ರವೇಶದ ಫಾರ್ಮಿಗೂ ಹಾಗೇ ಮಾಡಿದೆ. ತಂದೆ ತಾಯಂದಿರು ತುಂಬಿದರು, ಪರದೆ "ಧನ್ಯವಾದ" ಎಂದಿತು, ಒಂದು ಅರ್ಜಿಯೂ ಒಳಗೆ ಉಳಿದಿರಲಿಲ್ಲ. ಅಕ್ಕ ನನ್ನನ್ನು ಮಸ್ಕಿಗೆ ಎಳೆದುಕೊಂಡು ಹೋಗಿ, ಹೆಡ್‌ಮಾಸ್ತರರ ಎದುರು ಕೂತು ಸರಿಮಾಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು:

"ತಪ್ಪಿನ ಬಾಯಿ ಮುಚ್ಚಸಬ್ಯಾಡ, ಹುಚ್ಚಿ. ಅದು ನಿನಗ ಬೈಯಾಕತ್ತಿಲ್ಲ, ಎಲ್ಲಿ ಕೆಟ್ಟೈತಿ ಅಂತ ಹೇಳಾಕತ್ತೈತಿ. ಮುಚ್ಚಿದ್ರ ಒಳಗ ಬೆಳೀತೈತಿ."

ಆ ವರ್ಷವೇ ಲಿಂಗಸುಗೂರಿನವರು ನನ್ನನ್ನು ನೋಡಿ ಒಪ್ಪಿದರು. ನಿಶ್ಚಯವಾಗಿ ಐದು ತಿಂಗಳಿಗೆ ಮದುವೆ. ಆ ಐದು ತಿಂಗಳಲ್ಲಿ ಅಕ್ಕನ ಎಡಗೈ ಮೇಲೇಳುವುದು ಕಡಿಮೆಯಾಯಿತು. ಕೇಳಿದರೆ, "ಕುರ್ಚಿ ಸರಿ ಇಲ್ಲ, ರಟ್ಟಿ ನೋಯತಾವ" ಎಂದಳು. ನಾನು ನಂಬಿ ಹೊಸ ಕುರ್ಚಿ ತಂದುಕೊಟ್ಟೆ. ಮದುವೆಯಲ್ಲಿ ನನಗೆ ಅರಿಶಿಣ ಹಚ್ಚುವಾಗಲೂ ಒಂದೇ ಕೈಯಲ್ಲಿ ಹಚ್ಚಿದಳು. ಫೋಟೋದಲ್ಲಿ ಈಗ ಅದೊಂದೇ ಕಾಣುತ್ತದೆ.

ಮದುವೆಯಾದ ಮೂರನೇ ವಾರ ಫೋನು ಮಾಡಿ, ಎದೆಯಲ್ಲಿ ಗಂಟಿದೆ ಎಂದಳು. ರಾಯಚೂರಿನ ಡಾಕ್ಟರು ಕೈ ಮೀರಿದೆ ಎಂದರು. ಮುಂದಿನ ಬೆಳೆಗೆಂದು ಊರ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಅಕ್ಕ ಇರಲಿಲ್ಲ.

ಅತ್ತದ್ದಕ್ಕಿಂತ ಹೆಚ್ಚು ಸಿಟ್ಟು ಮಾಡಿಕೊಂಡೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನನಗೆ ಬಸ್ಸಿನಲ್ಲಿ ಅಷ್ಟು ಬುದ್ಧಿ ಹೇಳಿದವಳು ತನ್ನದನ್ನೇಕೆ ಮುಚ್ಚಿಟ್ಟಳು? ಅವಳಿಗೇ ಗೊತ್ತಾಗಿರಲಿಲ್ಲವೇನೋ ಎಂದು ಕೊನೆಗೆ ಸಮಾಧಾನ ಮಾಡಿಕೊಂಡಿದ್ದೆ.

ಕಳೆದ ತಿಂಗಳು ಮಸ್ಕಿ ಶಾಲೆಯ ಫಾರ್ಮು ಮತ್ತೆ ಕೆಟ್ಟಿತು. ಹಳೆಯ ಮದ್ದು ಹುಡುಕಲು ನೋಟುಬುಕ್ಕು ತೆರೆದೆ. ಅವಳಿದ್ದಾಗ ಅದನ್ನು ತೆರೆಯುವವಳು ಅವಳೇ, ಹೋದ ಮೇಲೆ ನಾನು ಮುಟ್ಟಿರಲಿಲ್ಲ. ಬರೆದ ಕೊನೆಯ ಪುಟದಲ್ಲಿ ಒಂದೇ ಸಾಲಿತ್ತು. ಮೇಲಿನ ತಾರೀಖು ನನ್ನ ನಿಶ್ಚಯದ ಮರುದಿನದ್ದು. ತಪ್ಪು: "ಎದಿಯಾಗ ಗಂಟು." ಕಾರಣ: ಖಾಲಿ. ಮದ್ದು: "ತಂಗಿ ಮದುವಿ ಆಗಲಿ. ಈಗ ಗೊತ್ತಾದ್ರ ಸಂಬಂಧ ಮುರೀತೈತಿ."

ಹೆಣ್ಣಿನ ಮನೆತನದಲ್ಲಿ ಆ ರೋಗವಿದೆ ಎಂದರೆ ನಮ್ಮ ಕಡೆ ಬೀಗರು ಎದ್ದು ಹೋಗುತ್ತಾರೆ. ಆದರೂ ಪುಟವನ್ನು ಗಂಡನ ಮುಂದೆ ಹಿಡಿದೆ. ಇಲ್ಲ, ನಾವು ಅಂಥವರಲ್ಲ ಎಂದು ಅವನು ಹೇಳಲಿ ಎಂದು ಜೀವ ಹಂಬಲಿಸುತ್ತಿತ್ತು. ಅವನು ಎರಡು ಸಲ ಓದಿದ. ಸುಳ್ಳು ಹೇಳುವ ಮನುಷ್ಯನಲ್ಲ.

"ಅವ್ವ ಒಪ್ಪತಿದ್ದಿಲ್ಲ" ಎಂದ. ನೋಟುಬುಕ್ಕು ನನಗೆ ವಾಪಸು ಕೊಟ್ಟು, "ನಾನೂ ಸುಮ್ನ ಇರತಿದ್ದೆ" ಎಂದ.

ಶಾಲೆಯ ಫಾರ್ಮನ್ನು ಅವತ್ತೇ ಸರಿಮಾಡಿ, ಮದ್ದನ್ನು ಮುಂದಿನ ಪುಟದಲ್ಲಿ ಬರೆದಿಟ್ಟೆ. ಅಕ್ಕನ ಸಾಲಿನಲ್ಲಿ ನಡುವಿನ ಕಾಲಂ ಖಾಲಿಯೇ ಇದೆ. ತಡವಾದದ್ದಕ್ಕೆ ಕಾರಣ ನಾನು. ಬರೆಯಲು ಪೆನ್ನು ಹಿಡಿದೆ, ಅವಳೇ ಬರೆಯದೆ ಬಿಟ್ಟ ಜಾಗದಲ್ಲಿ ಬರೆಯಲು ನನ್ನಿಂದ ಆಗಲಿಲ್ಲ.